ಎದ್ದದ್ದು ಸೊಂಟ, ನೀವು ಬರೆದದ್ದು ಕಾಲು

ಸಾರಿಗೆ ನೌಕರರ ವೈದ್ಯಕೀಯ ಮಂಡಳಿಯ ಮಾನ್ಯ ಅಧ್ಯಕ್ಷರೇ,

ಬಸ್ ಕಂಡಕ್ಟರ್ ಆಗಿರುವ ನನ್ನ ಅಕ್ಕನ ಬಲ ಸೊಂಟದ ಕೀಲು ಸವೆದಿದೆ. ನಿಮ್ಮ ಮಂಡಳಿ ಅದನ್ನು ಎರಡು ನಿಮಿಷ ನೋಡಿ, 'ಚಲನೆ ಪೂರ್ಣ, ನಟನೆಯ ಶಂಕೆ' ಎಂದು ಬರೆದು, ಡಿಪೋದಲ್ಲಿ ಕುಳಿತು ಮಾಡುವ ಕೆಲಸ ಕೇಳಿದ್ದ ಅವಳ ಅರ್ಜಿಯನ್ನು ತಳ್ಳಿಹಾಕಿದೆ. ಸೋಮವಾರದಿಂದ ಅವಳು ಮತ್ತೆ ಬಸ್ ಹತ್ತಬೇಕು.

ಹೋದ ವರ್ಷ ಡಿಪೋಗೆ ಬಂದು "ನೋವು ಮುಚ್ಚಿಡಬೇಡಿ, ನಮ್ಮನ್ನು ನಂಬಿ" ಎಂದವರು ನೀವೇ. ಹನ್ನೊಂದು ವರ್ಷ ನೋವು ಮುಚ್ಚಿಟ್ಟ ಅಕ್ಕ ಅದಕ್ಕೂ ಕರಗಲಿಲ್ಲ. ಕರಗಿದವಳು ನಾನು. ಒತ್ತಾಯಿಸಿ ನಿಮ್ಮಲ್ಲಿಗೆ ಕರೆತಂದೆ.

ನಮ್ಮ ಡಾಕ್ಟರು ತೆಗೆಸಿದ್ದ ಎಕ್ಸ್-ರೇ ಲಕೋಟೆಯಿಂದ ಹೊರಗೇ ಬರಲಿಲ್ಲ. ನಿಮ್ಮ ವೈದ್ಯರು ಅಕ್ಕನನ್ನು ಮಂಚದ ಮೇಲೆ ಮಲಗಿಸಿ, "ಬಲ ಮಂಡಿ ಎದೆ ಕಡೆಗೆ ತನ್ನಿ" ಎಂದರು. ತಂದಳು. "ಆಹಾ, ಎಷ್ಟು ಸಲೀಸಾಗಿ ಬರುತ್ತೆ! ಕಂಡಕ್ಟರ್ ಆಗೋ ಬದಲು ನಾಟಕಕ್ಕೆ ಸೇರಬಹುದಿತ್ತಲ್ಲಮ್ಮ!" ಎಂದು ನಕ್ಕರು.

ಹೊರಗೆ ಬೆಂಚಿನ ಮೇಲೆ ನಾನು ಸಿಡುಕಿದೆ. ಅಕ್ಕ, "ಎತ್ತು ಅಂದ್ರು, ಎತ್ತಿದೆ ಕಣೇ. ದೊಡ್ಡೋರ ಮುಂದೆ ಆಗಲ್ಲ ಅನ್ನೋಕಾಗುತ್ತಾ?" ಎಂದಳು.

"ಟಿಕೆಟ್ ಇಲ್ಲದೋರ ಹತ್ರಾನೂ ಇಷ್ಟೇ ಮರ್ಯಾದೆನಾ?"

"ಈ ಡಾಕ್ಟ್ರು ನನ್ನ ಬಸ್ಸಲ್ಲಿ ಸಿಗ್ಲಿ, ಆಗ ನೋಡು."

ನಾನು ಓದಿದ್ದು ಸಾಹಿತ್ಯ. ಆದರೂ ಅಂಗರಚನೆಯ ಪುಸ್ತಕ ಹಿಡಿದು ಕೂತೆ. ಸೊಂಟದ ಮೂಳೆಯಲ್ಲೊಂದು ಬಟ್ಟಲು, ಅದರೊಳಗೆ ತೊಡೆಮೂಳೆಯ ತುದಿಯ ಚೆಂಡು. ಕಾಲು ಮಡಚುವುದು, ಹಿಂದಕ್ಕೆ ಚಾಚುವುದು, ಅಗಲಿಸುವುದು, ತಿರುಗಿಸುವುದು ಎಲ್ಲವೂ ಆ ಪುಟ್ಟ ಬಟ್ಟಲಲ್ಲೇ. ಕವಿತೆಯಲ್ಲೂ ಇಷ್ಟು ಬಿಗಿಯಾದ ಕಟ್ಟನ್ನು ನಾನು ಕಂಡದ್ದು ಕಡಿಮೆ. ಚೆಂಡು ತಿರುಗದಿದ್ದರೆ ದೇಹ ಬಟ್ಟಲನ್ನೇ ಎತ್ತುತ್ತದೆ, ಬೆನ್ನು ಬಗ್ಗಿಸುತ್ತದೆ. ಮಂಡಿ ಮೇಲೆ ಬಂದಂತೆ ಕಾಣುತ್ತದೆ. ಇಷ್ಟು ವರ್ಷ ಅಕ್ಕ ಬಸ್ಸಿನ ಮೆಟ್ಟಿಲು ಹತ್ತಿದ್ದು ಹೀಗೆಯೇ. ಆದ್ದರಿಂದಲೇ ಅಳೆಯುವವರು ಒಂದು ಕೈಯಿಂದ ಸೊಂಟದ ಮೂಳೆಯನ್ನು ಒತ್ತಿ ಹಿಡಿಯಬೇಕು, ಸೊಂಟದ ಜೊತೆಗೆ ಇನ್ನೊಂದು ಕಾಲಿನ ತೊಡೆಯೂ ಮಂಚ ಬಿಟ್ಟು ಏಳುತ್ತದೆಯೇ ಎಂದು ನೋಡಬೇಕು. ನಿಮ್ಮ ವೈದ್ಯರ ಒಂದು ಕೈಯಲ್ಲಿ ಕೋನ ಅಳೆಯುವ ಪಟ್ಟಿ, ಇನ್ನೊಂದರಲ್ಲಿ ಮೊಬೈಲು. ಅಕ್ಕನ ಎಡತೊಡೆ ಗೇಣುದ್ದ ಎದ್ದದ್ದು ಬಾಗಿಲಲ್ಲಿ ನಿಂತ ನನಗೆ ಕಂಡಿತು. ಪಕ್ಕದಲ್ಲೇ ನಿಂತವರಿಗೆ ಕಾಣಲಿಲ್ಲವೆಂದರೆ ನಟಿಸುತ್ತಿದ್ದವರು ಯಾರು?

ಈಗ ಡಿಪೋದಲ್ಲಿ ಅವಳಿಗೆ 'ಹೀರೋಯಿನ್' ಎಂಬ ಹೆಸರು ಬಿದ್ದಿದೆ. ಅದನ್ನಾದರೂ ನುಂಗಿಕೊಂಡೇನು. ಆದರೆ ನಿನ್ನೆ ಬೆಳಿಗ್ಗೆ ಎಂದಿನಂತೆ ಅವಳ ಬಲಗಾಲಿನ ಶೂ ಲೇಸು ಕಟ್ಟಲು ಬಗ್ಗಿದಾಗ, "ಬಿಡೇ, ನಂಗೇನೂ ನೋವಿಲ್ಲ" ಎಂದು ಕಾಲು ಎಳೆದುಕೊಂಡಳು. ಹಾಗೆ ಎಳೆದುಕೊಳ್ಳುವಾಗ ತುಟಿ ಕಚ್ಚಿದ್ದಳು. ನನ್ನೆದುರೂ ಮುಚ್ಚಿಡಲು ಶುರುಮಾಡಿದ್ದಾಳೆ.

ಸೋಮವಾರದೊಳಗೆ ಅವಳನ್ನು ಮತ್ತೆ ಪರೀಕ್ಷಿಸಿ. ಎಕ್ಸ್-ರೇ ಲಕೋಟೆ ಬಿಚ್ಚಿ, ಸೊಂಟವನ್ನು ಹಿಡಿದು ಅಳೆಯಿರಿ. 'ನಟನೆಯ ಶಂಕೆ' ಎಂಬುದನ್ನು ಹೊಡೆದುಹಾಕಿ, ತಪ್ಪಾಯಿತೆಂದು ಅವಳ ಮುಖ ನೋಡಿ ಹೇಳಿ. ನಾನು ಹೇಳಿದರೆ ಅವಳು ಇನ್ನು ನಂಬುವುದಿಲ್ಲ.

ಇಂತಿ,
ನಿಮ್ಮ ಪರವಾಗಿ ಅಕ್ಕನಿಗೆ ಮಾತು ಕೊಟ್ಟುಬಿಟ್ಟಿದ್ದ ತಂಗಿ