ಅಜ್ಜಿಯ ಇಂಜಿನ್ನಿಗೆ ಗಂಟಲು

ಮಾರ್ಚ್ 3, ಸಂಜೆ

ಮೂರನೇ ಸ್ಪೀಕರ್. ಅಂಟು ಒಣಗುತ್ತಿದೆ, ಬೆರಳಿಗೂ ಅಂಟಿದೆ. ಹಾಳಾದ ಮೊಬೈಲಿನಿಂದ ಕಿತ್ತದ್ದು, ಉಗುರಿನಷ್ಟಗಲ. ಹಾಗೇ ಹಿಡಿದು ಕೇಳಿದರೆ ಸೊಳ್ಳೆಯ ಅಳು. ಮುಂದೆ ತಳ್ಳಿದ ಗಾಳಿ ಹಿಂದಕ್ಕೆ ಸುತ್ತಿಬಂದು ಸದ್ದನ್ನು ನುಂಗಿಬಿಡುತ್ತದೆ. ಬೆನ್ನಿಗೆ ಪ್ಲಾಸ್ಟಿಕ್ ಡಬ್ಬಿ ಕಟ್ಟಿ, ಸಂದು ಬಿಡದೆ ಮುಚ್ಚಿದೆ — ಅಬ್ಬಾ! ಸೊಳ್ಳೆ ಹೋಗಿ ಉಗಿಬಂಡಿ ಬಂತು! ಹಿಂದಿನೆರಡು ಸ್ಪೀಕರ್ ಸಂದಿನಿಂದಲೇ ಸತ್ತವು. ಅವುಗಳ ಆತ್ಮಕ್ಕೆ ಶಾಂತಿ ಸಿಗಲಿ.

ಇಂಜಿನ್ ಅಜ್ಜಿಯ ಆಟಿಕೆ ರೈಲಿನದು. ಹಿಂದಿನ ಕೋಣೆಯ ತುಂಬ ಹಲಗೆ ಹಾಕಿ, ಪುಟಾಣಿ ಹಳಿ, ಸೇತುವೆ, ನಿಲ್ದಾಣ ಎಲ್ಲ ಅಜ್ಜಿಯೇ ಕಟ್ಟಿದ್ದು. ನನ್ನನ್ನು ಬಿಟ್ಟರೆ ಆ ಸಾಮ್ರಾಜ್ಯಕ್ಕೆ ಬೇರೆ ಯಾರಿಗೂ ಪ್ರವೇಶವಿಲ್ಲ. ಇಂಜಿನ್ ಚೆನ್ನಾಗಿ ಓಡುತ್ತದೆ, ಆದರೆ ಮೂಕ. ನಾಳೆ ಗಂಟಲು ಬರುತ್ತದೆ. ಇಂಜಿನ್ನಿನ ಹಿಂದಿನ ಕಲ್ಲಿದ್ದಲ ಡಬ್ಬಿಯಲ್ಲಿ ಸ್ಪೀಕರೂ ಶಬ್ದ ಹುಟ್ಟಿಸುವ ಎಲೆಕ್ಟ್ರಾನಿಕ್ ಚಿಪ್ಪೂ ಹೊಸ ದಂಪತಿಯ ಹಾಗೆ ಒತ್ತಿಕೊಂಡು ಕೂತಿವೆ.

ಮಾರ್ಚ್ 4

ಸಮಾರಂಭ. ವಿಶೇಷ ಅನುಮತಿ ಪಡೆದು ಒಳಬಂದ ಅಪ್ಪನ ಅಧ್ಯಕ್ಷತೆ, ಅಜ್ಜಿ ಮುಖ್ಯ ಅತಿಥಿ, ಸ್ವಾಗತ ಭಾಷಣ ವಂದನಾರ್ಪಣೆ ಎರಡೂ ನನ್ನವೇ. ಕಂಟ್ರೋಲರಿನ ನಾಬ್ ತಿರುಗಿಸಿದೆ. ಚಿಕಿಚಿಕಿ ಹೊರಟಿತು. ಸೇತುವೆ ಹತ್ತಿರ ಸೀಟಿ ಹೊಡೆಸಿದೆ. ಅಪ್ಪ ಚಪ್ಪಾಳೆ ತಟ್ಟಿದ.

ಅಜ್ಜಿ: "ಸರಿ, ಯಾವಾಗ ಶುರು ಮಾಡ್ತೀಯೇ?"

"ಶುರುವಾಗಿ ಎರಡು ಸುತ್ತು ಆಯ್ತಲ್ಲ ಅಜ್ಜಿ!"

"ಸದ್ದೆಲ್ಲಿ?"

"ಕೂಗ್ತಿದೆಯಲ್ಲಮ್ಮ," ಅಂದ ಅಪ್ಪ.

ಅಜ್ಜಿ ಮಗನನ್ನು ನೋಡಿದಳು, ನನ್ನನ್ನು ನೋಡಿದಳು. "ಓಹೋ. ಈ ಸಲ ಇವನನ್ನೂ ಸೇರಿಸ್ಕೊಂಡ್ಯಾ?"

ನನ್ನ ಕೀರ್ತಿ ಅಂಥದ್ದು. ಕಳೆದ ತಿಂಗಳಷ್ಟೇ ನಿಲ್ದಾಣದ ಪ್ರಯಾಣಿಕ ಗೊಂಬೆಗಳನ್ನೆಲ್ಲ ತಲೆಕೆಳಗಾಗಿ ನಿಲ್ಲಿಸಿದ್ದೆ. ಆಣೆ ಮಾಡಿದೆ. ಅಪ್ಪನೂ ಮಾಡಿದ. ಆಣೆ ಹೆಚ್ಚಿದಷ್ಟೂ ಅಜ್ಜಿಯ ಮುಖ ಬಿಗಿಯಿತು.

"ವಯಸ್ಸಾದವಳನ್ನ ಆಡ್ಕೊಂಡಿದ್ದು ಸಾಕು. ಅದೇನು ತುರುಕಿದ್ದೀಯೋ ತೆಗೆದು, ಭಾನುವಾರದೊಳಗೆ ನನ್ನ ಇಂಜಿನ್ ಮೊದಲಿದ್ದ ಹಾಗೆ ಮಾಡ್ಕೊಡು. ಆಮೇಲೆ ಈ ಕೋಣೆಗೆ ಕಾಲಿಡಬೇಡ."

ಬೈದ ಮೇಲೆ ನಗುವುದು ಅಜ್ಜಿಯ ಪದ್ಧತಿ. ಇವತ್ತು ನಗಲಿಲ್ಲ.

ಮಾರ್ಚ್ 5, ಮಧ್ಯಾಹ್ನ

ಹೊಳೆಯಿತು! ಹೊಳೆಯಿತು!! ಅಪ್ಪ ಮಾತಾಡಿದರೆ ಅಜ್ಜಿಗೆ ಕೇಳಿಸುತ್ತದೆ, ನಾನು ಮಾತಾಡಿದರೆ ಮಾತ್ರ ಎಷ್ಟೋ ಸಲ "ಏನೇ ಗೊಣಗ್ತೀಯಾ?" ಅಪ್ಪನದು ದಪ್ಪ ದನಿ, ನನ್ನದು ಕೀಚಲು. ಪತ್ತೇದಾರಿಕೆಗೆ ಇಳಿದೆ. ಅಜ್ಜಿ ಪೇಪರ್ ಓದುವಾಗ ಸೋಫಾ ಹಿಂದೆ ಅವಿತು ಬ್ಲೂಟೂತ್ ಸ್ಪೀಕರಿನಿಂದ ಸ್ವರ ಬಿಟ್ಟೆ. ದಪ್ಪ ಸ್ವರ — "ಯಾರದು ಗುಂಯ್ ಅಂತಿರೋದು?" ಕೀಚಲಿನ ಕಡೆಗೆ ಏರಿಸಿದೆ... ಇನ್ನೂ ಏರಿಸಿದೆ... ಪಕ್ಕದ ಮನೆಯ ನಾಯಿ ಬೊಗಳಿತು. ಅಜ್ಜಿ ನೆಮ್ಮದಿಯಾಗಿ ಪುಟ ಮಗುಚಿದಳು.

ಉಗುರಿನಗಲದ ಸ್ಪೀಕರಿಗೆ ಕೀಚಲು ಬಿಟ್ಟು ಬೇರೇನೂ ಬಾರದು. ಅಜ್ಜಿಗೆ ಕೀಚಲೊಂದೇ ಕೇಳಿಸದು. ಎಂಥ ಜೋಡಿ ಹುಡುಕಿ ತಂದಿದ್ದೇನೆ!

ಅಪ್ಪನಿಗೆ ಹೇಳಿದೆ. "ಅಮ್ಮಂಗೆ ಹೇಗೆ ಹೇಳೋದೇ?" ಅಂದ. ನನಗೂ ಗೊತ್ತಿಲ್ಲ. ಹೇಳಿದರೂ ನನ್ನನ್ನು ಯಾರು ನಂಬುತ್ತಾರೆ? ಇಂಜಿನ್ನೇ ಹೇಳಬೇಕು.

ಮಾರ್ಚ್ 8

ಬರೆಯಲಾಗಲಿಲ್ಲ. ಕೈಯಲ್ಲಿ ಪೆನ್ನಿನ ಬದಲು ತಂತಿ ಬೆಸೆಯುವ ಸಾಲ್ಡರಿಂಗ್ ಐರನ್ ಇತ್ತು.

ರೇಡಿಯೊ ರಿಪೇರಿ ಅಂಗಡಿ. ಕಾರಿನ ಬಾಗಿಲಿಂದ ಬಿಚ್ಚಿದ ಸ್ಪೀಕರ್ ಕಂಡು ಬಾಯಲ್ಲಿ ನೀರೂರಿತು.

"ಅದರ ರೆಸಿಸ್ಟೆನ್ಸ್ ನಾಲ್ಕೇ ಓಮ್. ನಿನ್ನ ಚಿಪ್ಪಿಗೆಷ್ಟು ಬೇಕು?" ಅಂದ ಅಂಗಡಿಯವನು.

"ಎಂಟಕ್ಕಿಂತ ಕಮ್ಮಿ ಹಾಕ್ಬೇಡಿ ಅಂತ ಬರ್ದಿದ್ದಾರೆ ಅಣ್ಣ."

"ಹಾಗಾದ್ರೆ ಹಾಕು. ಹೊತ್ಕೊಂಡ ಚಿಪ್ಪಿನ ಮುಂದೆ ಕೂತು ಚಳಿ ಕಾಯಿಸ್ಕೋಬಹುದು."

ಕೊನೆಗೆ ಹಳೇ ಟಿವಿಯ ಉದ್ದನೆ ಸ್ಪೀಕರ್ ಹುಡುಕಿ ಕೊಟ್ಟ. ಎಂಟು ಓಮ್! ಬೆರಳಲ್ಲಿ ತಟ್ಟಿದರೆ ಡುಬ್ ಅನ್ನುತ್ತದೆ! ಆದರೆ ಅಂಗೈಯಷ್ಟು ಉದ್ದ. ಕಲ್ಲಿದ್ದಲ ಡಬ್ಬಿಯಲ್ಲಿ ಕೂರಿಸುವುದೆಂದರೆ ಆನೆಯನ್ನು ಬೆಂಕಿಪೊಟ್ಟಣಕ್ಕೆ ತುಂಬಿದ ಹಾಗೆ.

ಮನೆಗೆ ಬರುವ ದಾರಿಯಲ್ಲಿ, ಸೈಕಲ್ ಮೇಲೆ, ಜ್ಞಾನೋದಯ. ಇಂಜಿನ್ನೊಳಗೇ ಯಾಕಿರಬೇಕು? ಓಡಿಸುವ ಚಿಪ್ ಬೇರೆ, ಶಬ್ದದ ಚಿಪ್ ಬೇರೆ. ಕಂಟ್ರೋಲರ್ ಕರೆಯುವ ನಂಬರ್ ಇಬ್ಬರದೂ ಒಂದೇ. ನಾಬ್ ಕೊಡುವ ಆಜ್ಞೆ ಹಳಿಯಲ್ಲೇ ಹರಿಯುತ್ತದೆ. ಶಬ್ದದ ಚಿಪ್ಪನ್ನು ಹಲಗೆಯ ಕೆಳಗೆ ಹಳಿಯ ತಂತಿಗೆ ಕಟ್ಟಿದರೂ ಅದು ಹೇಳಿದ ಮಾತು ಕೇಳುತ್ತದೆ! ಇಂಜಿನ್ ಮಾತ್ರ ಮೊದಲಿದ್ದ ಹಾಗೇ ಇರುತ್ತದೆ. ಅಜ್ಜಿಯ ಆಜ್ಞೆಯ ಅಕ್ಷರಶಃ ಪಾಲನೆ. ವಕೀಲಳಾಗಬೇಕಿತ್ತು ನಾನು.

ಮಾರ್ಚ್ 9, ಭಾನುವಾರ

ಅಜ್ಜಿ ಸ್ನಾನಕ್ಕೆ ಹೋದಾಗ ಹಲಗೆಯಡಿ ಅಂಗಾತ ಮಲಗಿ ಕೆಲಸ ಮುಗಿಸಿದೆ. ಸ್ಪೀಕರಿನ ಬೆನ್ನಿಗೆ ಮರದ ಪೆಟ್ಟಿಗೆ, ಸಂದಿಗೆಲ್ಲ ಮೇಣ. ಕೂದಲಿಗೂ ಮೇಣ.

ಅಜ್ಜಿ ಸ್ಕ್ರೂಡ್ರೈವರ್ ಹಿಡಿದೇ ಬಂದಳು. ಡಬ್ಬಿ ಬಿಚ್ಚಿ ಇಣುಕಿದಳು. ಖಾಲಿ. "ಹ್ಞೂ" ಅಂದು ಮುಚ್ಚಿ, ಹಳಿ ಮೇಲಿಟ್ಟು, ನಾಬ್ ತಾನೇ ತಿರುಗಿಸಿದಳು.

ಢಗ್... ಢಗ್... ಢಗ್ ಢಗ್ ಢಗ್...

ನಾಬ್ ಹಿಂದಕ್ಕೆ ತಿರುಗಿಸಿದಳು. ಇಂಜಿನ್ ನಿಂತಿತು, ಸದ್ದೂ ನಿಂತಿತು. ಮತ್ತೆ ತಿರುಗಿಸಿದಳು. ಢಗ್! ನಿಲ್ಲಿಸಿದಳು. ಮತ್ತೆ. ಮತ್ತೆ. ಹಲಗೆಯ ಅಂಚಿಗೆ ಅಂಗೈ ಊರಿಕೊಂಡು, ಉಸಿರು ಹಿಡಿದುಕೊಂಡು. ನಾನು ಕುಣಿಯದಿರಲು ನನ್ನ ಕಾಲನ್ನೇ ತುಳಿದುಕೊಂಡು ನಿಂತಿದ್ದೆ.

"ಎಲ್ಲಿಟ್ಟಿದ್ದೀಯೇ ಕಪಿ?"

"ಕೆಳಗೆ. ದೊಡ್ಡದು."

ಬಗ್ಗಿ ನೋಡಿದಳು. ಬಗ್ಗಿದಲ್ಲಿಂದಲೇ ಕೇಳಿದಳು: "ಮೊನ್ನೆ... ನಿಜವಾಗ್ಲೂ ಕೂಗಿತ್ತಾ?"

ತಮಾಷೆಯೊಂದನ್ನು ಹುಡುಕಿದೆ. ಸಿಗಲಿಲ್ಲ. "ಕೂಗಿತ್ತು ಅಜ್ಜಿ."

"ನಿಮ್ಮಪ್ಪಂಗೂ ಕೇಳಿಸಿತ್ತಾ?"

"ಹ್ಞೂ."

ನಿಧಾನವಾಗಿ ಎದ್ದಳು. ಗಡೀಪಾರು ಇನ್ನೂ ಜಾರಿಯಲ್ಲಿತ್ತಲ್ಲ, ಬಾಗಿಲ ಕಡೆ ನಡೆದೆ.

"ಎಲ್ಲಿಗೆ ಹೊರಟೆ? ನಂಗೆ ಗೊತ್ತಿಲ್ದೆ ಇನ್ನೇನೇನು ಕೂಗ್ತಿದೆ ಈ ಮನೇಲಿ? ಬಾ, ತೋರಿಸು."

ನನ್ನ ತೋಳು ಹಿಡಿದುಕೊಂಡಳು. ಹೊರಟೆವು. ಮೊದಲು ಬಚ್ಚಲಿನ ನಲ್ಲಿ — ತೊಟ್ಟಿಕ್ಕುತ್ತಿದೆ ಎಂದೆ. "ಎಷ್ಟು ದಿನದಿಂದ? ಯಾರೂ ಹೇಳ್ಲೇ ಇಲ್ಲ!" ಫ್ರಿಜ್ ಬಾಗಿಲು ತೆರೆದಿಟ್ಟರೆ ಕುಂಯ್ ಕುಂಯ್ ಅನ್ನುತ್ತದೆ ಎಂದೆ. "ಅದಕ್ಕೇನಾ ನಿಮ್ಮಪ್ಪ ಓಡಿಬಂದು ಮುಚ್ಚೋದು! ನಾನು ಕರೆಂಟ್ ಬಿಲ್ಲಿನ ಭಯ ಅಂದ್ಕೊಂಡಿದ್ದೆ." ನಕ್ಕಳು. ನಕ್ಕಳು! ಕಿಟಕಿಯ ಸರಳಿನ ಮೇಲೆ ಪುಟ್ಟ ಹಕ್ಕಿ, ಕೊಕ್ಕು ತೆರೆದು ಮುಚ್ಚುತ್ತಿತ್ತು.

"ಅದೂ ಕೂಗ್ತಿದೆಯಾ? ಹೇಗೆ? ಮಾಡಿ ತೋರಿಸು."

ಗಂಟಲು ದಪ್ಪ ಮಾಡಿಕೊಂಡೆ. ಎಮ್ಮೆ ಗಾತ್ರದ ಹಕ್ಕಿಯೊಂದು ಹಾಡಿದರೆ ಹೇಗೋ ಹಾಗೆ, ಎದೆಯ ಆಳದಿಂದ ಕೂಗಿದೆ, ಅಜ್ಜಿಗೂ ಕೇಳಿಸಲಿ ಅಂತ.