ಪ್ರಾಕ್ಸಿಯ ಅರ್ಜಿ

ತಾಂಬಾ
11 ಡಿಸೆಂಬರ್ 2024, ಬುಧವಾರ

ನಮ್ಮ ಮನೆಯವರಿಗೆ ರಾಜಶ್ರೀ ಮಾಡುವ ನಮಸ್ಕಾರಗಳು.

ಹೇಗಿದ್ದೀರಿ? ಅಂಗಾಲಿಗೆ ನಟ್ಟ ಜಾಲಿಮುಳ್ಳು ಪೂರ್ತಿ ಬಂತೋ, ಮುರಿದು ಒಳಗೇ ಉಳಿಯಿತೋ? ಮುದ್ದೇಬಿಹಾಳದ ಕಡೆ ಕಾಲುವೆ ನೀರು ಉಂಡ ಹೊಲಗಳಲ್ಲಿ ಚಳಿ ಹೆಚ್ಚಂತೆ. ಕಂಬಳಿಯನ್ನು ಎಳೆಮರಿಗಳಿಗೆ ಹೊದಿಸಿ ನೀವು ಹಾಗೇ ಮಲಗಬೇಡಿ, ನಿಮ್ಮ ಸ್ವಭಾವ ನನಗೆ ಗೊತ್ತು. ಶಂಕ್ರೆವ್ವತ್ತಿ ಆರಾಮಾಗಿದ್ದಾರೆ, ಮಗನ ಹೆಸರು ದಿನಕ್ಕೆ ಹತ್ತು ಸಲ ತೆಗೆಯುತ್ತಾರೆ. ಫೋನಿನಲ್ಲಿ ಎರಡು ಮಾತಾಡುವಷ್ಟರಲ್ಲಿ "ಕುರಿ ಹೊಲದಾಗ ಹೊಕ್ಕುವು, ಇಡ್ತೇನಿ" ಎನ್ನುತ್ತೀರಿ. ಅದಕ್ಕೇ ಹಿಟ್ಟಿನ ಚೀಲದ ಜೊತೆ ನಿಮ್ಮ ತಮ್ಮ ಕಲ್ಮೇಶನ ಕೈಯಲ್ಲಿ ಈ ಪತ್ರ ಕಳಿಸುತ್ತಿದ್ದೇನೆ. ಮಧ್ಯಾಹ್ನ ಕುರಿ ನೆರಳಿಗೆ ಬಂದಾಗ ಸಾವಕಾಶ ಓದಿ.

ಮೂವತ್ನಾಲ್ಕನೆಯ ವಯಸ್ಸಿಗೆ ನನ್ನನ್ನು ಇಂಡಿಯ ಕಾಲೇಜಿನಲ್ಲಿ ಬಿ.ಎ.ಗೆ ಹಚ್ಚಿದವರು ನೀವು. "ಪಿ.ಯು.ಸಿ. ಪಾಸಾದಾಕಿ ನನ್ ಕೂಡ ಕುರಿ ಯಾಕ ಕಾಯಬೇಕು" ಎಂದಿರಿ. ಪಾಠ ತಿಳಿಯುತ್ತದೆ, ಆದರೆ ಆ ಹುಡುಗರ ಮಾತು ತಿಳಿಯುವುದಿಲ್ಲ. ಮೊದಲ ವಾರ ಬಸ್ಸಿನಲ್ಲಿ ಕೊನೆಯ ವರ್ಷದ ಹುಡುಗಿಯೊಬ್ಬಳು "ನಂದು ಎರಡು ಬ್ಯಾಕ್ ಉಳದಾವ" ಎಂದು ಕಣ್ಣೊರೆಸಿಕೊಳ್ಳುತ್ತಿದ್ದಳು. ನಾನು ಬ್ಯಾಗ್ ಎಂದು ಕೇಳಿಸಿಕೊಂಡು, "ಕಂಡಕ್ಟರಗ ಹೇಳವಾ, ಡಿಪೋದಾಗ ತಗದಿಟ್ಟಿರ್ತಾರ" ಎಂದೆ. ಬಸ್ಸೆಲ್ಲ ನಕ್ಕಿತು. ನನ್ನದೇ ಕ್ಲಾಸಿನ ಗುಲನಾಜ ಮಾತ್ರ ಎದ್ದು ಬಂದು ಪಕ್ಕದಲ್ಲಿ ಕೂತು, "ಬ್ಯಾಗ್ ಅಲ್ಲಕ್ಕಾ, ಬ್ಯಾಕ್. ಫೇಲಾಗಿ ಹಿಂದ ಉಳದ ವಿಷಯ" ಎಂದು ಮೆಲ್ಲಗೆ ಹೇಳಿದಳು. ಅಂದಿನಿಂದ ನಾವಿಬ್ಬರೂ ಒಂದೇ ಬೆಂಚು. ಬಂಕ್ ಎಂದರೆ ಕ್ಲಾಸು ತಪ್ಪಿಸುವುದು, ಇಂಟರ್ನಲ್ ಎಂದರೆ ಕಾಲೇಜಿನವರೇ ಹಾಕುವ ಅಂಕ, ಎಚ್.ಒ.ಡಿ. ಎಂದರೆ ವಿಭಾಗದ ಹಿರಿಯರು. ಎಲ್ಲವನ್ನೂ ಅವಳು ಹೇಳಿದಳು, ನಾನು ನೋಟಿನ ಹಿಂದಿನ ಹಾಳೆಯಲ್ಲಿ ಬರೆದುಕೊಂಡೆ. ರೊಟ್ಟಿ ನನ್ನದು, ನಿಂಬೆಕಾಯಿ ಉಪ್ಪಿನಕಾಯಿ ಅವಳದು. ತಂಗಿ ಇಲ್ಲದ ಕೊರತೆ ತುಂಬಿತು ಎಂದುಕೊಂಡಿದ್ದೆ.

ಒಂದು ಶಬ್ದವನ್ನು ಮಾತ್ರ ಅವಳು ಹೇಳಿಕೊಟ್ಟಿರಲಿಲ್ಲ. ಹೋದ ತಿಂಗಳು ಅವಳು ಕಾಲೇಜಿಗೆ ಬರುವುದು ಕಡಿಮೆಯಾಯಿತು. ಒಂದು ಸೋಮವಾರ ಫೋನು ಮಾಡಿ, "ಅಕ್ಕಾ, ಇವತ್ತ ನನ್ನ ಪ್ರಾಕ್ಸಿ ಹಾಕಿಬಿಡ್ರಿ" ಎಂದವಳೇ ಇಟ್ಟುಬಿಟ್ಟಳು. ಅದೇನೋ ರಜೆಯ ಅರ್ಜಿ ಇರಬೇಕೆಂದು ತಿಳಿದೆ. ಇತಿಹಾಸದ ಸರ್ ಹಾಜರಿ ಕೂಗುತ್ತ ಅವಳ ಹೆಸರಿಗೆ ಬಂದಾಗ ಎದ್ದು ನಿಂತು, "ಸರ್, ಗುಲನಾಜ ಪ್ರಾಕ್ಸಿ ಹಾಕಂತ ಹೇಳ್ಯಾಳ್ರಿ. ಅದರ ಫಾರ್ಮ್ ಎಲ್ಲಿ ಸಿಗತೈತ್ರಿ?" ಎಂದು ಕೇಳಿಬಿಟ್ಟೆ!

ಬಾರದವರ ಹೆಸರಿಗೆ ಬಂದವರು "ಎಸ್ ಸರ್" ಅನ್ನುವುದೇ ಪ್ರಾಕ್ಸಿ ಎಂದು ಆಮೇಲೆ ತಿಳಿಯಿತು. ಅಷ್ಟು ದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಅವಳಿಗಾಗಿ ಹಾಗೆ ಕೂಗುತ್ತಿದ್ದಳಂತೆ, ಅಂದು ಅವಳೂ ಬಂದಿರಲಿಲ್ಲ. ಕ್ಲಾಸು ಹೊಟ್ಟೆ ಹಿಡಿದುಕೊಂಡು ನಕ್ಕಿತು, ಸರ್ ನಗಲಿಲ್ಲ. ವಿಚಾರಣೆ ಮಾಡಿ ಗುಲನಾಜಳ ಹನ್ನೊಂದು ದಿನದ ಹಾಜರಿ ಹೊಡೆದುಹಾಕಿದರು. ನಾಲ್ಕೇ ದಿನಕ್ಕೆ ಗೋಡೆಯ ಮೇಲೆ "ಶಾರ್ಟೇಜ್" ಪಟ್ಟಿ ಬಿತ್ತು. ಹಾಜರಿ ಸಾಲದವರು, ಪರೀಕ್ಷೆಗೆ ಕೂಡುವಂತಿಲ್ಲ. ಅದರಲ್ಲಿ ಅವಳ ಹೆಸರಿತ್ತು.

ಅವಳು ಬಂದಳು, ಪಟ್ಟಿ ನೋಡಿದಳು, ತನ್ನ ಚೀಲ ಎತ್ತಿಕೊಂಡು ಮುಂದಿನ ಬೆಂಚಿಗೆ ಹೋದಳು. "ಗೊತ್ತಿರಲಿಲ್ಲ ಅಂದ್ರ ನನ್ನ ಕೇಳಬೇಕಿತ್ತಕ್ಕಾ, ಸರ್‌ನ ಯಾಕ ಕೇಳಿದ್ರಿ?" ಎಂದಷ್ಟೇ ಅಂದಳು. ಈಗ ನಾನು ಬಾಗಿಲಲ್ಲಿ ಕಂಡರೆ ಹುಡುಗರು "ಫಾರ್ಮ್ ಬಂತು" ಎನ್ನುತ್ತಾರೆ. ಬುತ್ತಿ ಬಿಚ್ಚುವ ಹೊತ್ತಿಗೆ ನಾನು ನೀರಿನ ಟಾಕಿಯ ಹಿಂದೆ ಹೋಗಿ ಕೂರುತ್ತೇನೆ.

ಫೋನು ಮಾಡಿದರೆ ಅವಳು ಎತ್ತಲಿಲ್ಲ. ಅವಳ ತಂದೆ ಕಾಸಿಂಸಾಬರು ಇಂಡಿಯ ಮಾರುಕಟ್ಟೆಯಲ್ಲಿ ನಿಂಬೆಹಣ್ಣಿನ ಚೀಲ ಹೊರುತ್ತಾರೆ, ಹುಡುಕಿಕೊಂಡು ಹೋದೆ. ಅವರಿಗೆ ಇದೊಂದೂ ಗೊತ್ತಿರಲಿಲ್ಲ. "ಅವರವ್ವಗ ಆಪರೇಷನ್ ಆಗೇತವ್ವಾ. ವಿಜಯಪುರ ದವಾಖಾನ್ಯಾಗ ಗುಲನಾಜ ಒಬ್ಬಾಕೇ ಹಗಲೂ ರಾತ್ರಿ ಇದ್ದಳು" ಎಂದರು. ನನ್ನ ಹತ್ತಿರ ಅವಳು ಒಂದು ಮಾತೂ ಹೇಳಿರಲಿಲ್ಲ, ನೋಡಿ. ಕಾಲೇಜಿನ ಆಫೀಸಿಗೆ ಹೋಗಿ ಉಪಾಯ ಕೇಳಿದೆ. ಗುಮಾಸ್ತರು "ಕಂಡೋನೇಶನ್ ಹಾಕ್ರಿ" ಎಂದರು. ಈ ಸಲ ತಲೆಯಾಡಿಸಿ ಬರಲಿಲ್ಲ. ಹಾಗೆಂದರೇನು, ಯಾವ ಕಾಗದ ಬೇಕು, ಯಾರ ಸಹಿ ಬೇಕು ಎಂದು ಅವರು ಬೇಸರಪಡುವವರೆಗೂ ಕೇಳಿದೆ. ಕಾಯಿಲೆ ಕಸಾಲೆಯ ಕಾಗದ ಲಗತ್ತಿಸಿದರೆ ಕಡಿಮೆಬಿದ್ದ ಹಾಜರಿಯನ್ನು ಮನ್ನಿಸುತ್ತಾರಂತೆ. ಅರ್ಜಿ ನಾನೇ ಬರೆದೆ, ಕಾಸಿಂಸಾಬರು ದವಾಖಾನೆಯ ಕಾಗದ ತಂದು ಪಾಲಕರ ಸಹಿ ಹಾಕಿದರು. ಇತಿಹಾಸದ ಸರ್ ಓದಿ, "ಇದನ್ನ ಮೊದಲ ಹೇಳಬಾರದಿತ್ತೇನ್ರೀ?" ಎಂದು ಶಿಫಾರಸು ಬರೆದು ಪ್ರಿನ್ಸಿಪಾಲರಿಗೆ ಕಳಿಸಿದರು.

ನಿನ್ನೆ ಪರೀಕ್ಷೆಗೆ ಕೂಡುವವರ ಪಟ್ಟಿ ಬಂತು, ಗುಲನಾಜಳ ಹೆಸರು ಇದೆ. ಅರ್ಜಿ ಬರೆದವರು ಯಾರೆಂದು ತಂದೆ ಹೇಳಿಯೇ ಇರುತ್ತಾರೆ. ಬೋರ್ಡಿನ ಮುಂದೆ ನಿಂತವಳು ಒಮ್ಮೆ ತಿರುಗಿ ನನ್ನ ಕಡೆ ನೋಡಿದಳು. ಬರುತ್ತಾಳೆಂದು ಪಕ್ಕದ ಜಾಗದಿಂದ ಪುಸ್ತಕ ತೆಗೆದೆ. ಬರಲಿಲ್ಲ. ಬಸ್ಸಿನಲ್ಲೂ ಮುಂದೆಯೇ ಕೂತಳು. ನಕ್ಕವರು ಎಂಬತ್ತು ಜನ, ಅವರು ಮರೆತಾರು. ಅವಳಿಗೆ ಆದದ್ದು ಬೇರೆ. ನಾನೂ ಒತ್ತಾಯ ಮಾಡಲಿಲ್ಲ.

ಕುರಿಗಳ ಮೇಲೆ ನಿಗಾ ಇರಲಿ, ನಿಮ್ಮ ಮೇಲೂ ಇರಲಿ. ಅತ್ತಿ ಆಶೀರ್ವಾದ ಹೇಳಿದ್ದಾರೆ.

ನಿಮ್ಮ
ರಾಜಶ್ರೀ

ತಾ.ಕ.: ಕಲ್ಮೇಶ ಗಾಡಿ ಚಾಲೂ ಮಾಡಿದ್ದಾನೆ, ಬೇಗ ಬರೆಯುತ್ತಿದ್ದೇನೆ. ಸಂಕ್ರಮಣಕ್ಕೆ ಬುತ್ತಿ ಕಟ್ಟಿಕೊಂಡು ಹಿಂಡಿನ ಕಡೆ ಬಾ ಎಂದಿದ್ದಿರಿ. ಅದೇ ವಾರ ಪರೀಕ್ಷೆ, ಬರಲಾಗುವುದಿಲ್ಲ. ಕುರಿಗಳನ್ನು ಎರಡು ದಿನ ಕಲ್ಮೇಶನಿಗೆ ಒಪ್ಪಿಸಿ ನೀವೇ ಬರ್ರಿ. ಮನ್ಯಾಗ ಕೆಲಸ ಏನೂ ಇಲ್ರಿ. ನಿಮ್ಮವ್ವಗ ಕಿವಿ ಕೇಳೂದಿಲ್ಲ, ಕಾಲೇಜಿನ್ಯಾಗ ಯಾರೂ ಮಾತಾಡೂದಿಲ್ಲ. ಹದಿನೈದು ದಿನ ಆತು, ನಾನು ಯಾರ ಕೂಡನೂ ಮನಸ್ ಬಿಚ್ಚಿ ಮಾತಾಡಿಲ್ಲ.