ಟೀವಿಯಲ್ಲಿ ನನ್ನ ಗಂಡ

ಆಗಸ್ಟ್ 15, ಶುಕ್ರವಾರ
ಬಟ್ಟೆ ಒಣಹಾಕಿ ಬಂದೆ. ಶಶಿಯ ನೀಲಿ ಶರ್ಟನ್ನು ಎರಡು ಸಲ ಮೂಸಿದೆ. ಒಗೆದದ್ದೇ, ಆದರೂ.

ಪ್ರೋಮೋ ಬಂತು. ‘ನಿನಗೊಂದು ಗುಲಾಬಿ’, ಭಾನುವಾರ ಶುರು. ಅದರಲ್ಲಿ ನನ್ನ ಗಂಡ! ಹಳದಿ ಡ್ರೆಸ್ಸಿನ ಹುಡುಗಿಯ ಮುಂದೆ ಮಂಡಿಯೂರಿ. ನನ್ನನ್ನು ನೋಡಲು ಬಂದ ದಿನವೇ ಹೇಳಿದ್ದರು, ಹೋದ ವರ್ಷ ಒಂದು ಡೇಟಿಂಗ್ ಶೋಗೆ ಹೋಗಿದ್ದೆ, ಬೇಗ ವಾಪಸ್ ಕಳಿಸಿದರು ಅಂತ. ಮಂಡಿಯ ವಿಷಯ ಹೇಳಿರಲಿಲ್ಲ.

ಪಕ್ಕದ ಮನೆ ದೇವಿರಮ್ಮ ಕಾಂಪೌಂಡಿನಾಚೆಯಿಂದ, “ನಿನ್ ಗಂಡ ಬಲೇ ಆಳು ಕಣಮ್ಮ. ನಿಂಗೊಂದು ಊವಾದ್ರೂ ತಂದ್ಕೊಟ್ಟವ್ನಾ?”

“ದಿನಾ ಮಲ್ಲಿಗೆ ತರ್ತಾರೆ ಆಂಟಿ” ಅಂದೆ. ಸುಳ್ಳು. ವಾರಕ್ಕೊಮ್ಮೆ.

ಶಶಿಯನ್ನೇ ಕೇಳಿದೆ. “ಪ್ರಸಾರ ಆಗೋಗಂಟ ಬಾಯಿ ಬಿಡೋ ಹಂಗಿಲ್ಲ, ಸೈನ್ ಹಾಕಿದ್ದೀನಿ.” ಸರಿ. ನನಗೆ ಫುಲ್ ನಂಬಿಕೆ. ಆದರೆ ಅವಳಿಗೆ ಏನಂದರು? ಅದು ತಿಳಿಯಲೇಬೇಕು.

ಆಗಸ್ಟ್ 17, ಭಾನುವಾರ — ಶೋ ಮುಗಿದ ಮೇಲೆ
ಎಷ್ಟು ಬೋರಿಂಗ್... ಅರ್ಧ ಜಾಹೀರಾತು, ಉಳಿದರ್ಧ ಈಜುಕೊಳದ ಪಕ್ಕ ಯಾರೋ ಅಳುವುದು. ಪ್ರೀತಿ ಎಲ್ಲೂ ಕಾಣಲಿಲ್ಲ. ಶಶಿ ಬಂದರು, ಮಂಡಿಯೂರಿದರು, ಏನೋ ಅಂದರು — ಮಾತಿನ ಮೇಲೆ ಪಿಟೀಲು. ಅವಳು ನಕ್ಕಳು. “ಇವರಿಗೆ ಪ್ರೀತಿಸುವ ಧೈರ್ಯವಿಲ್ಲ” ಎಂದು ಆ್ಯಂಕರ್ ಮನೆಗೆ ಕಳಿಸಿದಳು. ಅಷ್ಟೇ.

ಟೀವಿ ಆರಿಸಿದೆ. “ಈಗ ಪ್ರಸಾರ ಆಯ್ತಲ್ಲ. ಹೇಳಿ.”

ಶಶಿ ಚಾಪೆ ನೋಡುತ್ತಾ, “ಯಾವೂರು, ಯಾರ ಮನೆ ಅಂತ ಕೇಳ್ದೆ. ಹೆಸ್ರು ದೀಪಿಕ, ಊರು ಮಳವಳ್ಳಿ, ಸೋಮನಹಳ್ಳಿ ಪುಟ್ಟರಾಜು ನಮ್ಮ ಸೋದರಮಾವ ಅಂದ್ಲು.”

ಸೋಮನಹಳ್ಳಿ ಅಂದರೆ ಅತ್ತೆಯ ತವರು. ಮಲಗಿದ್ದವರು ಎದ್ದು ಕೂತರು. “ಪುಟ್ಟರಾಜಣ್ಣನ ತಂಗಿ ಮಗಳಾ? ನಮ್ ದೊಡ್ಡವ್ವನ ಮೊಮ್ಮಗಳು ಕಣ್ಲಾ ಅದು. ನಿಂಗೆ ತಂಗಿ ಆಗ್ಬೇಕು.”

“ನಂಗೂ ಅಲ್ಲೇ ಹೊಳೀತು. ಹಂಗಾರೆ ನೀನು ನಂಗೆ ತಂಗಿ ಕಣಮ್ಮ ಅಂದೆ. ಅದನ್ನೇ ಕಟ್ ಮಾಡವ್ರೆ.”

“ಮೊದ್ಲು ಕೇಳಿ ಆಮೇಕೆ ಮಂಡಿ ಊರೋದಲ್ವೇನ್ಲಾ?”

“ಡೈರೆಕ್ಟ್ರು ಕೂತ್ಕೊ ಅಂದ್ರು, ಕೂತ್ಕೊಂಡೆ.”

ನಕ್ಕು ನಕ್ಕು ಅತ್ತೆಯ ಮೇಲೇ ಬಿದ್ದೆ. “ನಕ್ಕಿದ್ದು ಸಾಕು” ಅಂದರು. “ಗೌರಿ ಹಬ್ಬಕ್ಕೆ ಆ ಹೆಣ್ಮಗೀನ ಕರೀರಿ. ಮನೆ ಮಗಳು.”

ಫೋನ್ ನಾನೇ ಮಾಡುತ್ತೇನೆ ಅಂದೆ. ಶಶಿ ಹೇಳಿದ್ದು ನಿಜ, ಗೊತ್ತು. ಆದರೂ ಅವಳ ಬಾಯಿಂದಲೂ ಕೇಳಬೇಕು.

ಆಗಸ್ಟ್ 26, ಮಂಗಳವಾರ, ಗೌರಿ ಹಬ್ಬ
ಮಂಡ್ಯದಿಂದ ಅಮ್ಮನ ಫೋನು. “ಆ ಹುಡುಗೀನ ನೀನೇ ಮನೆಗೆ ಕರ್ದಿದ್ದೀಯಾ? ಬುದ್ಧಿ ಇದ್ಯಾ ನಿಂಗೆ?” ಇದೆ. ತುಂಬಾ ಇದೆ. ಫೋನಿನಲ್ಲಿ ಹಬ್ಬಕ್ಕೆ ಕರೆದೆನಷ್ಟೇ, ಆ ಮಾತು ಕೇಳಲಾಗಲಿಲ್ಲ. ಅವಳು ಟೀವಿಯಲ್ಲಿ ಕಂಡಷ್ಟು ಚೆಂದ ಇರದಿದ್ದರೆ ಸಾಕು.

ಅತ್ತೆ ಬಳೆ, ರವಿಕೆ ಕಣ ತೆಗೆದಿಟ್ಟಿದ್ದಾರೆ. ಆಟೋ ನಿಂತಿತು. ಕಿಟಕಿಯಿಂದ ನೋಡುತ್ತಾ ಬರೆಯುತ್ತಿದ್ದೇನೆ. ಚೆಂದ ಇದ್ದಾಳೆ. ಟೀವಿಗಿಂತ ಚೆಂದ. ಶಶಿ ಗೇಟು ತೆಗೆದರು.

“ಯಾಕಣ್ಣ ಹಂಗೆ ನಿಂತ್ಕೊಂಡೆ, ಬ್ಯಾಗ್ ಹಿಡ್ಕೊ. ಅತ್ತಿಗೆ ಎಲ್ಲಿ?”

ಬೀದಿಗೆಲ್ಲ ಕೇಳುವ ಹಾಗೆ. ಅವರ ತಲೆಗೊಂದು ಮೊಟಕಿ ಒಳಗೆ ಬರುತ್ತಿದ್ದಾಳೆ. ಕುಂಕುಮದ ಬಟ್ಟಲು ಅತ್ತೆಯ ಕೈಯಲ್ಲಿದೆ — ಇಲ್ಲ, ನನ್ನ ನಾದಿನಿಗೆ ನಾನೇ...